ಇಯಾಕೋಬ್ ಬೇರೆ, ಇಯಾಕೋಬೊಸ್ ಬೇರೆ: ಹೀಬ್ರೂ ಹೆಸರುಗಳು ಗ್ರೀಕ್ ವಿಭಕ್ತಿಗೆ ಹೊಂದಿಕೊಂಡಿದ್ದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ನೋಡೋಣ

ಗ್ರೀಕಲ್ಲಿ ಬೈಬಲಿನ ಹೊಸ ಒಡಂಬಡಿಕೆ ಓದೋಕೆ ಶುರು ಮಾಡಿದ ಹೊಸದರಲ್ಲಿ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ನಾನು ಒಂದು ಕಡೆ ನಿಂತುಬಿಟ್ಟೆ. 7ನೇ ಅಧ್ಯಾಯದಲ್ಲಿ ಸ್ತೆಫನ ಹಳೇ ಕಥೆ ಹೇಳ್ತಾ ಇಯಾಕೋಬ್ ಅಂತಾನೆ, ಅದೇ ಪುಸ್ತಕದ 12ನೇ ಅಧ್ಯಾಯದಲ್ಲಿ ಹೆರೋದ ಕೊಲ್ಲಿಸಿದವನ ಹೆಸರು ಇಯಾಕೋಬೊಸ್. ಕನ್ನಡ ಬೈಬಲ್ ತೆಗೆದು ನೋಡಿದ್ರೆ ಎರಡು ಕಡೆನೂ ಯಾಕೋಬ ಅಂತಲೇ ಇದೆ. ಹಾಗಾದ್ರೆ ಗ್ರೀಕಲ್ಲಿ ಯಾಕೆ ಎರಡು ರೂಪ? ನಕಲು ಮಾಡಿದವರ ತಪ್ಪೇನೋ ಅಂದ್ಕೊಂಡು ಸುಮಾರು ದಿನ ಹಾಗೇ ಓದಿದೆ, ಆಮೇಲೆ ಗೊತ್ತಾಯ್ತು ಅದು ತಪ್ಪಲ್ಲ, ಬೇಕಂತಲೇ ಮಾಡಿದ ವ್ಯತ್ಯಾಸ, ಮತ್ತೆ ಅದು ಒಂದು ಸಲ ಕಣ್ಣಿಗೆ ಬಿದ್ರೆ ಇಡೀ ಪುಸ್ತಕ ಬೇರೆ ಥರ ಕೇಳಿಸೋಕೆ ಶುರುವಾಗುತ್ತೆ.

ನಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. ದೇವರು ರಾಮ, ಪಕ್ಕದ ಮನೆಯವರು ರಾಮಪ್ಪ. ಗುಡಿಯಲ್ಲಿರೋದು ಲಕ್ಷ್ಮಿ, ಹೂವು ಮಾರೋಕೆ ಬರೋರು ಲಕ್ಷ್ಮಮ್ಮ. ಹೆಸರು ಒಂದೇ, ಬಾಲ ಬೇರೆ, ಆ ಬಾಲದಿಂದ ಈ ಮನುಷ್ಯ ಪುರಾಣದವನೋ ನಮ್ಮ ಬೀದಿಯವನೋ ಅಂತ ತಕ್ಷಣ ಗೊತ್ತಾಗುತ್ತೆ. ಇಯಾಕೋಬ್ ಅಂದ್ರೆ ಅಬ್ರಹಾಮನ ಮೊಮ್ಮಗ, ಶಾಸ್ತ್ರದ ಪುಟದಲ್ಲಿ ಇರೋನು. ಇಯಾಕೋಬೊಸ್ ಅಂದ್ರೆ ಯೇಸುವಿನ ಕಾಲದಲ್ಲಿ ಗಲಿಲಾಯದಲ್ಲಿ ಮೀನು ಹಿಡೀತಿದ್ದೋನು. ಈ ಬಾಲ ಓದೋದು ಹೇಗೆ ಅಂತ ಹೇಳಿಕೊಡೋಕೇ ಈ ಲೇಖನ. ಗ್ರೀಕ್ ಲಿಪಿ ಗೊತ್ತಿಲ್ಲದೆ ಇದ್ರೂ ಪರವಾಗಿಲ್ಲ, ಎಲ್ಲಾ ಕನ್ನಡದಲ್ಲೇ ಬರೀತೀನಿ.

ಶುರು ಮಾಡೋ ಮುಂಚೆ: ಸಮಸ್ಯೆ ಏನು

ಬೈಬಲ್ ಕಾಲದ ಹೀಬ್ರೂಲಿ ಹೆಸರಿಗೆ ವಿಭಕ್ತಿ ಪ್ರತ್ಯಯ ಇಲ್ಲ. ಮೋಶೆ ಅಂದ್ರೆ ಎಲ್ಲಾ ಕಡೆ ಮೋಶೆನೇ. ಮೋಶೆಗೆ ಅನ್ನೋಕೆ ಮುಂದುಗಡೆ "ಲೆ" ಅಂತ ಸೇರಿಸ್ತಾರೆ, ಮೋಶೆಯನ್ನು ಅನ್ನೋಕೆ ಮುಂದೆ "ಎತ್" ಅಂತ ಒಂದು ಪುಟ್ಟ ಪದ ಇಡ್ತಾರೆ, ಹೆಸರಿನ ಬಾಲ ಮಾತ್ರ ಅಲುಗಾಡಲ್ಲ. ಗ್ರೀಕ್ ಹಾಗಲ್ಲ, ಅದು ನಮ್ಮ ಥರ. ರಾಮ, ರಾಮನನ್ನು, ರಾಮನಿಗೆ, ರಾಮನ, ರಾಮಾ ಅಂತ ನಾವು ಹೇಗೆ ಕೊನೆ ಬದಲಾಯಿಸ್ತೀವೋ ಅವರೂ ಹಾಗೇ ಬದಲಾಯಿಸ್ತಾರೆ, ನಮಗಿಂತ ವಿಭಕ್ತಿ ಕಮ್ಮಿ ಅಷ್ಟೇ, ಐದು.

ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಯೆಹೂದ್ಯರ ತೋರಾ, ಅಂದ್ರೆ ಮೊದಲ ಐದು ಪುಸ್ತಕಗಳು, ಗ್ರೀಕಿಗೆ ಬಂದಾಗ ಭಾಷಾಂತರ ಮಾಡಿದವರ ಮುಂದೆ ರಾಶಿ ರಾಶಿ ಹೆಸರು. ಆಮೇಲೆ ಉಳಿದ ಪುಸ್ತಕಗಳೂ ಬಂದವು, ಎಲ್ಲಾ ಸೇರಿ ಸೆಪ್ಟುಅಜಿಂಟ್ ಅಂತ ಹೆಸರಾಯ್ತು. ಒಂದೊಂದು ಹೆಸರಿಗೂ ಅವರು ಎರಡು ಪ್ರಶ್ನೆ ಕೇಳ್ಕೋಬೇಕಿತ್ತು, ಇದನ್ನ ಗ್ರೀಕ್ ಅಕ್ಷರದಲ್ಲಿ ಬರೆಯೋದು ಹೇಗೆ, ಬರೆದ ಮೇಲೆ ಇದಕ್ಕೆ ವಿಭಕ್ತಿ ಹತ್ತಿಸಬೇಕಾ ಬೇಡ್ವಾ. ನಾವೂ ಅದೇ ಕ್ರಮದಲ್ಲಿ ಹೋಗೋಣ.

ಮೊದಲ ಹೆಜ್ಜೆ: ಅಕ್ಷರ ಬದಲಾಯಿಸಿ

ಇಲ್ಲಿ ಕನ್ನಡ ಬಲ್ಲವರಿಗೆ ಒಂದು ದೊಡ್ಡ ಅನುಕೂಲ ಇದೆ, ಇದನ್ನ ನಾನು ಗ್ರೀಕ್ ಕಲಿಯೋ ಎಲ್ಲರಿಗೂ ಹೇಳ್ತೀನಿ. ಇಂಗ್ಲಿಷ್ ಪುಸ್ತಕ ಹಿಡಿದು ಕಲಿಯೋರು ಥೀಟ, ಫೀ, ಖೀ ಅಂದ್ರೆ ಏನು ಅಂತ ಒದ್ದಾಡ್ತಾರೆ. ಹಳೇ ಗ್ರೀಕಲ್ಲಿ ಅವು ನಮ್ಮ ಮಹಾಪ್ರಾಣಗಳೇ. ಕಪ್ಪ, ಖೀ, ಗಾಮ ಅಂದ್ರೆ ಕ ಖ ಗ. ತೌ, ಥೀಟ, ದೆಲ್ತ ಅಂದ್ರೆ ತ ಥ ದ. ಪೀ, ಫೀ, ಬೀಟ ಅಂದ್ರೆ ಪ ಫ ಬ. ಒಂದನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ ವರ್ಣಮಾಲೆಯೇ ಸಾಕು.

ಹೀಬ್ರೂಲಿ ಎರಡು ಥರದ ಕ, ಎರಡು ಥರದ ತ ಇವೆ. ಗಂಟಲಿನ ಆಳದಿಂದ ಬರೋ ಕ ಗ್ರೀಕಲ್ಲಿ ಸಾಮಾನ್ಯವಾಗಿ ಕಪ್ಪ ಆಗುತ್ತೆ, ಮಾಮೂಲಿ ಕ ಬಂದ್ರೆ ಖೀ ಆಗುತ್ತೆ. ತ ವಿಷಯದಲ್ಲೂ ಹೀಗೇ, ಒತ್ತಿ ಹೇಳೋ ತ ತೌ ಆಗುತ್ತೆ, ಮಾಮೂಲಿ ತ ಥೀಟ ಆಗುತ್ತೆ. ಅದಕ್ಕೇ ನಾತಾನ್ ಅನ್ನೋ ಪ್ರವಾದಿ ಗ್ರೀಕಲ್ಲಿ ನಾಥಾನ್. ಮಲ್ಕೀತ್ಸೆದೆಕ್ ಅನ್ನೋ ರಾಜನ ಹೆಸರಲ್ಲಿ ಎರಡೂ ಕ ಇವೆ, ಗ್ರೀಕಲ್ಲಿ ಅದು ಮೆಲ್ಖಿಸೆದೆಕ್, ಮೊದಲನೇದು ಖ, ಕೊನೇದು ಕ. ಆ ಒಂದು ಹೆಸರು ಬಾಯಲ್ಲಿ ನಾಲ್ಕು ಸಲ ಹೇಳ್ಕೊಂಡ್ರೆ ಈ ರೂಲ್ ಮರೆಯಲ್ಲ.

ಇನ್ನು ಗ್ರೀಕಲ್ಲಿ ಇಲ್ಲದೇ ಇರೋ ಸದ್ದುಗಳು. ಶ ಇಲ್ಲ, ತ್ಸ ಇಲ್ಲ, ಎಲ್ಲಾ ಸಿಗ್ಮ ಅಂದ್ರೆ ಸ ಒಂದರಲ್ಲೇ ಸೇರ್ಕೊಳ್ಳುತ್ತೆ. ಆಕಾಶ ಹೋಗಿ ಆಗಸ ಆಗಿದ್ದು, ಶುಂಠಿ ಹೋಗಿ ಸುಂಟಿ ಆಗಿದ್ದು ನೋಡಿದೋರಿಗೆ ಇದು ಹೊಸದಲ್ಲ, ನಮ್ಮ ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ, ಅದನ್ನ ಓದಿದ ಕಣ್ಣಲ್ಲಿ ಸೆಪ್ಟುಅಜಿಂಟ್ ನೋಡಿದ್ರೆ ಪರಿಚಯದ ಊರಿಗೆ ಬಂದ ಹಾಗೆ ಇರುತ್ತೆ. ಶಾಊಲ್ ಇದ್ದಿದ್ದು ಸಾಊಲ್ ಆಯ್ತು, ತ್ಸಿಯ್ಯೋನ್ ಇದ್ದಿದ್ದು ಸಿಯೋನ್ ಆಯ್ತು.

ಯ ಕೂಡ ಇಲ್ಲ, ಅದರ ಜಾಗದಲ್ಲಿ ಇಯೋಟ, ಅಂದ್ರೆ ಇ. ಅದಕ್ಕೇ ನಾನು ಇಯಾಕೋಬ್, ಇಯೇಸೂಸ್ ಅಂತ ಮುಂದೆ ಇ ಇಟ್ಟು ಬರೀತಿರೋದು.

ಹ ಕಥೆ ಸ್ವಲ್ಪ ಬೇರೆ. ಗ್ರೀಕಲ್ಲಿ ಪದದ ಶುರುವಲ್ಲಿ ಹ ಬರಬಹುದು, ಮಧ್ಯದಲ್ಲಿ ಬರಲ್ಲ. ಅಬ್ರಹಾಮ್ ಗ್ರೀಕಲ್ಲಿ ಅಬ್ರಾಆಮ್, ಅಹರೋನ್ ಗ್ರೀಕಲ್ಲಿ ಆಆರೋನ್. ಆ ಎರಡು ಆ ಅಕ್ಕಪಕ್ಕ ಕೂತಿರೋದು ನೋಡಿದ್ರೆ ನಡುವೆ ಹ ಇದ್ದು ಬಿದ್ದುಹೋದ ಜಾಗ ಕಾಣುತ್ತೆ. ಗಂಟಲಿನ ಇನ್ನೊಂದು ಗಡಸು ಹ ಇದೆ, ಅದು ಕೆಲವು ಸಲ ಬೀಳುತ್ತೆ ಕೆಲವು ಸಲ ಖ ಆಗುತ್ತೆ: ಯಿತ್ಸ್ಹಾಕ್ ಆಗಿದ್ದೋನು ಇಸಾಆಕ್, ಆದ್ರೆ ರಾಹೇಲ್ ಆಗಿದ್ದೋಳು ರಾಖೇಲ್. ಹಾಗೇ ಆಯಿನ್ ಅನ್ನೋ ಗಂಟಲು ಸದ್ದು ಸಾಮಾನ್ಯವಾಗಿ ಕಾಣೆಯಾಗುತ್ತೆ, ಕೆಲವು ಹಳೇ ಊರಿನ ಹೆಸರಲ್ಲಿ ಮಾತ್ರ ಗ ಆಗಿ ಉಳಿದಿದೆ. ಇವತ್ತು ದಿನಾ ನ್ಯೂಸಲ್ಲಿ ಕೇಳೋ ಗಾಜಾ ಹೀಬ್ರೂಲಿ ಅಜ್ಜಾ, ಆ ಗ ಬಂದಿದ್ದು ಗ್ರೀಕ್ ಬರವಣಿಗೆಯಿಂದ.

ಒಂದು ಚಿಕ್ಕ ವಿಷಯ ಹೇಳಿ ಮುಂದೆ ಹೋಗ್ತೀನಿ. ಮಮ್ರೇ ಅನ್ನೋ ಜಾಗ ಗ್ರೀಕಲ್ಲಿ ಮಾಂಬ್ರೇ, ಶಿಮ್ಶೋನ್ ಗ್ರೀಕಲ್ಲಿ ಸಾಂಪ್ಸೋನ್, ಎಜ್ರಾ ಗ್ರೀಕಲ್ಲಿ ಎಸ್ದ್ರಾಸ್. ಮಧ್ಯದಲ್ಲಿ ಬ, ಪ, ದ ಎಲ್ಲಿಂದ ಬಂತು? ಮ ಆದಮೇಲೆ ರ ಹೇಳೋಕೆ ತುಟಿ ಬಿಡಿಸುವಾಗ ತಾನಾಗೇ ಒಂದು ಬ ಹುಟ್ಟುತ್ತೆ, ನೀವೇ ಜೋರಾಗಿ ಹೇಳಿ ನೋಡಿ. ಸಂಸ್ಕೃತದ ಆಮ್ರ ಪ್ರಾಕೃತದಲ್ಲಿ ಅಂಬ ಆಗಿದ್ದೂ ಇದೇ ದಾರಿಯಲ್ಲಿ.

ಎರಡನೇ ಹೆಜ್ಜೆ: ಹೆಸರಿನ ಕೊನೆ ನೋಡಿ

ಅಕ್ಷರ ಬದಲಾಯಿಸಿದ ಮೇಲೆ ಹೆಸರಿನ ಕೊನೇ ಸದ್ದಿನ ಮೇಲೆ ಬೆರಳಿಡಿ. ಹಳೇ ಗ್ರೀಕಲ್ಲಿ ಪದ ಮುಗಿಯೋದು ಸ್ವರದಲ್ಲಿ, ಇಲ್ಲಾ ನ, ರ, ಸ ಈ ಮೂರು ವ್ಯಂಜನದಲ್ಲಿ ಮಾತ್ರ, ಒಂದೆರಡು ಪುಟ್ಟ ಪದ ಬಿಟ್ರೆ. ಅಂದ್ರೆ ಬ, ದ, ಮ, ಫ, ಲ, ಕ ಇಂಥದ್ದರಲ್ಲಿ ಮುಗಿಯೋ ಹೆಸರು ಗ್ರೀಕ್ ಕಿವಿಗೆ ಕೇಳಿದ ತಕ್ಷಣ ಹೊರಗಿನದು ಅಂತ ಗೊತ್ತಾಗುತ್ತೆ. ಇಯಾಕೋಬ್, ದಾವಿದ್, ಅಬ್ರಾಆಮ್, ಇಯೋಸೇಫ್, ಮಿಖಾಏಲ್, ಇಸಾಆಕ್. ಒಂದೂ ಗ್ರೀಕ್ ಥರ ಮುಗಿಯಲ್ಲ.

ನಮಗೂ ಇದೇ ಅಭ್ಯಾಸ ಇದೆ ಅಲ್ವಾ, ಬಸ್ ಅನ್ನೋದು ಬಸ್ಸು ಆಗುತ್ತೆ, ಕಾರ್ ಅನ್ನೋದು ಕಾರು ಆಗುತ್ತೆ, ಆಮೇಲೆ ಬಸ್ಸಿಗೆ, ಕಾರಲ್ಲಿ ಅಂತ ಆರಾಮಾಗಿ ವಿಭಕ್ತಿ ಹತ್ತುತ್ತೆ. ಬಾಲ ಸರಿಹೋದ್ರೆ ಮಿಕ್ಕಿದ್ದೆಲ್ಲಾ ಸರಿಹೋಗುತ್ತೆ.

ಮೂರನೇ ಹೆಜ್ಜೆ: ಹಾಗೇ ಬಿಟ್ಟಿದಾರಾ, ಬಾಲ ಹಚ್ಚಿದಾರಾ

ಇದೇ ಮುಖ್ಯವಾದ ಹೆಜ್ಜೆ, ಇಲ್ಲಿ ನಿಧಾನವಾಗಿ ಹೋಗಿ.

ಭಾಷಾಂತರಕಾರರು ಹಳೇ ಪಿತೃಗಳ ಹೆಸರನ್ನ ಬಹುಪಾಲು ಮುಟ್ಟಲಿಲ್ಲ. ಅಬ್ರಾಆಮ್ ಯಾವ ವಿಭಕ್ತಿಯಲ್ಲೂ ಅಬ್ರಾಆಮ್. ಅದೇ ಹೆಸರುಗಳನ್ನ ಗ್ರೀಕ್ ಮಾತಾಡೋ ಯೆಹೂದ್ಯರು ತಮ್ಮ ಮಕ್ಕಳಿಗೆ ಇಟ್ಟಾಗ ಅವು ಬಜಾರಿಗೆ, ಪತ್ರಕ್ಕೆ, ಕರಾರಿಗೆ ಬರಬೇಕಾಯ್ತು, ಅಲ್ಲಿ "ಇಯಾಕೋಬನಿಗೆ ಇಷ್ಟು ಕೊಟ್ಟೆ" ಅಂತ ಬರೀಬೇಕಾದ್ರೆ ವಿಭಕ್ತಿ ಬೇಕೇ ಬೇಕು, ಹಾಗಾಗಿ ಒಸ್ ಅಂತ ಬಾಲ ಬಂತು. ಇಯಾಕೋಬೊಸ್, ಇಯಾಕೋಬೂ ಅಂದ್ರೆ ಯಾಕೋಬನ, ಇಯಾಕೋಬೊನ್ ಅಂದ್ರೆ ಯಾಕೋಬನನ್ನು. ಪುರೋಹಿತ ಎಲೆಆಜಾರ್ ಹಾಗೇ ಉಳಿದ, ಬೇಥಾನ್ಯದಲ್ಲಿ ಸತ್ತು ಎದ್ದು ಬಂದೋನು ಅದೇ ಹೆಸರಿನ ಚಿಕ್ಕ ರೂಪ, ಲಾಜಾರೊಸ್.

ಇದು ಯಾವಾಗಲೂ ನಡೆಯೋ ನಿಯಮ ಅಂತ ಮಾತ್ರ ತಿಳ್ಕೋಬೇಡಿ. ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫ ಅದೇ ಕಾಲದೋನು, ಆದ್ರೂ ಅವನು ಇಯೋಸೇಫ್ ಆಗೇ ಇದ್ದಾನೆ, ಬಾಲ ಇಲ್ಲ. ಮರಿಯಳದ್ದಂತೂ ಇನ್ನೂ ಚೆನ್ನಾಗಿದೆ: ಲೂಕನ 1ನೇ ಅಧ್ಯಾಯದಲ್ಲಿ ಅವಳು ಮಾತಾಡುವಾಗ ಮರಿಯಾಮ್, ಬಾಲವಿಲ್ಲದ ಹೀಬ್ರೂ ರೂಪ, ಅದೇ ಅಧ್ಯಾಯದಲ್ಲಿ "ಮರಿಯಳ ವಂದನೆ" ಅಂತ ಬರುವಾಗ ಮರಿಯಾಸ್, ಪಕ್ಕಾ ಗ್ರೀಕ್ ಷಷ್ಠಿ. ಒಬ್ಬಳೇ ಹೆಂಗಸು, ಎರಡು ಉಡುಪು, ಯಾವ ವಿಭಕ್ತಿಗೆ ಯಾವುದು ಸಲೀಸೋ ಅದು.

ಬಾಲವಿಲ್ಲದ ರೂಪ ಬೇಕಂತಲೇ ಇಟ್ಟಿದಾರೆ ಅಂತ ನನಗೆ ಖಾತ್ರಿಯಾಗಿದ್ದು ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ. ಶುರುವಲ್ಲಿ ಲೇಖಕ ಹೇಳ್ತಾನೆ ಸೌಲೊಸ್ ಇನ್ನೂ ಬೆದರಿಕೆ ಹಾಕ್ತಾ ಇದ್ದ ಅಂತ. ಮುಂದೆ ಪೌಲ ಅಂತ ಹೆಸರಾಗೋನು ಇವನೇ. ಸೌಲೊಸ್, ಒಸ್ ಬಾಲ ಇರೋ ಗ್ರೀಕ್ ರೂಪ. ದಮಸ್ಕದ ದಾರಿಯಲ್ಲಿ ಬೆಳಕು ಹೊಳೆಯುತ್ತೆ, ಅವನು ನೆಲಕ್ಕೆ ಬೀಳ್ತಾನೆ, ಮೇಲಿಂದ ದನಿ ಬರುತ್ತೆ. ಗ್ರೀಕ್ ವ್ಯಾಕರಣದ ಪ್ರಕಾರ ಸೌಲೊಸ್ ಅನ್ನೋನನ್ನ ಕರೀಬೇಕಾದ್ರೆ ಸೌಲೆ ಅನ್ನಬೇಕು. ಆದ್ರೆ ದನಿ ಕರೆಯೋದು ಹಾಗಲ್ಲ, "ಸಾಊಲ್, ಸಾಊಲ್" ಅಂತ. ಬಾಲ ಕಳಚಿ ಬಿದ್ದಿದೆ, ಮನೆಭಾಷೆಯ ಹೆಸರು, ಅವನ ಕುಲದ ಮೊದಲ ರಾಜನ ಹೆಸರು. ಮುಂದೆ 26ನೇ ಅಧ್ಯಾಯದಲ್ಲಿ ಅವನೇ ಈ ಕಥೆ ಹೇಳುವಾಗ ಆ ದನಿ ಹೀಬ್ರೂ ಮಾತಲ್ಲಿ ಬಂತು ಅಂತ ಬಾಯಿಬಿಟ್ಟು ಹೇಳ್ತಾನೆ. ಕನ್ನಡದಲ್ಲಿ ಎರಡಕ್ಕೂ ಸೌಲ ಅಂತಲೇ ಇರೋದ್ರಿಂದ ಇದು ಕಾಣಲ್ಲ, ಗ್ರೀಕಲ್ಲಿ ಓದಿದಾಗ ಆ ಒಂದು ಬಾಲ ಇಲ್ಲದೇ ಇರೋದೇ ಮೈ ಜುಮ್ಮೆನ್ನಿಸುತ್ತೆ.

ಊರಿನ ಹೆಸರಲ್ಲೂ ಇದೇ. ಇಯೆರೂಸಾಲೇಮ್ ಅನ್ನೋದು ಬಾಲವಿಲ್ಲದ ಹೀಬ್ರೂ ರೂಪ, ಹಿಯೆರೊಸೊಲುಮ ಅನ್ನೋದು ಗ್ರೀಕ್ ರೂಪ, ನಪುಂಸಕ ಬಹುವಚನ, ವಿಭಕ್ತಿ ಹತ್ತುತ್ತೆ, ಜೊತೆಗೆ ಹಿಯೆರೊಸ್ ಅಂದ್ರೆ ಗ್ರೀಕಲ್ಲಿ ಪವಿತ್ರ ಆಗಿರೋದ್ರಿಂದ ಕಿವಿಗೂ ಹಿತ. ಮತ್ತಾಯ ಎಲ್ಲಾ ಕಡೆ ಗ್ರೀಕ್ ರೂಪ ಬರೀತಾನೆ, 23ನೇ ಅಧ್ಯಾಯದಲ್ಲಿ ಯೇಸು ಆ ಊರನ್ನ ನೆನೆದು ಮರುಗುವಾಗ ಮಾತ್ರ ಇಯೆರೂಸಾಲೇಮ್ ಇಯೆರೂಸಾಲೇಮ್ ಅಂತ ಎರಡು ಸಲ ಹೀಬ್ರೂ ರೂಪ. ಪೌಲ ಗಲಾತ್ಯರಿಗೆ ಬರೆದ ಪತ್ರದಲ್ಲಿ ತಾನು ಆ ಊರಿಗೆ ಹೋಗಿಬಂದ ವಿಷಯ ಹೇಳುವಾಗ ಗ್ರೀಕ್ ರೂಪ, 4ನೇ ಅಧ್ಯಾಯದಲ್ಲಿ ಮೇಲಣ ಯೆರೂಸಲೇಮ್ ಬಗ್ಗೆ ಹೇಳುವಾಗ ಹೀಬ್ರೂ ರೂಪ.

ನಾಲ್ಕನೇ ಹೆಜ್ಜೆ: ಯಾವ ಬಾಲ ಅಂತ ಗುರುತಿಸಿ

ಬಾಲ ಇದೆ ಅಂತ ಗೊತ್ತಾದ ಮೇಲೆ ಯಾವ ಗುಂಪು ಅಂತ ನೋಡ್ಬೇಕು.

ಯಾಹೂ ಅಥವಾ ಯಾ ಅಂತ ಮುಗಿಯೋ ಹೀಬ್ರೂ ಹೆಸರುಗಳು, ಯೆಶಯಾಹೂ, ಯಿರ್ಮೆಯಾಹೂ, ಜೆಖರ್ಯಾ, ಇವುಗಳ ಕೊನೆಯಲ್ಲಿ ಇರೋದು ದೇವರ ಹೆಸರಿನ ತುಂಡು. ಅದೃಷ್ಟಕ್ಕೆ ಗ್ರೀಕಲ್ಲಿ ಮೊದಲೇ ನಿಕಿಯಾಸ್, ಪೌಸಾನಿಯಾಸ್ ಅಂತ ಇಯಾಸ್ ಬಾಲದ ಗಂಡಸರ ಹೆಸರುಗಳು ಇದ್ದವು. ಹಾಗಾಗಿ ಒಂದು ಸ ಸೇರಿಸಿದ್ರೆ ಮುಗೀತು: ಏಸಾಇಯಾಸ್, ಇಯೆರೆಮಿಯಾಸ್, ಜಾಖಾರಿಯಾಸ್, ಏಲಿಯಾಸ್. ಷಷ್ಠಿಯಲ್ಲಿ ಊ ಬರುತ್ತೆ, ಜಾಖಾರಿಯೂ ಅಂದ್ರೆ ಜೆಕರ್ಯನ. ಇದರಲ್ಲಿ ಒಂದು ಎಚ್ಚರ: ಏಲಿಯೂ ಅಂದ್ರೆ ಎಲೀಯನ, ಹೇಲಿಯೂ ಅಂದ್ರೆ ಸೂರ್ಯನ. ಬರವಣಿಗೆಯಲ್ಲಿ ವ್ಯತ್ಯಾಸ ಮೊದಲ ಅಕ್ಷರದ ಮೇಲಿನ ಒಂದು ಪುಟ್ಟ ಗುರುತು ಮಾತ್ರ, ಅದೂ ಹಳೇ ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಇರಲ್ಲ, ಸಂದರ್ಭ ನೋಡಿಯೇ ಹೇಳ್ಬೇಕು.

ಆ ಅಂತ ಮುಗಿಯೋ ಗಂಡಸರ ಹೆಸರು ಇನ್ನೊಂದು ಗುಂಪು. ಯೆಹೂದಾ ಅನ್ನೋದನ್ನ ಹಾಗೇ ಬಿಟ್ರೆ ಗ್ರೀಕಲ್ಲಿ ಹೆಂಗಸರ ಹೆಸರು ಥರ ಕೇಳುತ್ತೆ, ಅದಕ್ಕೆ ಸ ಹಚ್ಚಿದ್ರು, ಇಯೂದಾಸ್. ಆದ್ರೆ ಇದರ ಷಷ್ಠಿ ಊ ಅಲ್ಲ, ಸ ಬಿಟ್ಟುಹೋಗಿ ಇಯೂದಾ. ಇಯಾಸ್ ಬಾಲಕ್ಕೆ ಊ, ಬರೀ ಆಸ್ ಬಾಲಕ್ಕೆ ಆ, ಇಷ್ಟು ನೆನಪಿಟ್ಕೊಂಡ್ರೆ ಸಾಕಷ್ಟು ಕಡೆ ನಡೆಯುತ್ತೆ. ಹೀಬ್ರೂವಿನ ಹತ್ತಿರದ ಭಾಷೆಯಾದ ಅರಾಮಿಕ್‌ನಿಂದ ಬಂದ ಕೇಫಾಸ್, ಥೋಮಾಸ್, ಸಾತಾನಾಸ್ ಎಲ್ಲಾ ಈ ಗುಂಪೇ.

ಏಸ್ ಬಾಲದವರು: ಯೋಹಾನಾನ್ ಹೋಗಿ ಇಯೋಆನ್ನೇಸ್, ಷಷ್ಠಿ ಇಯೋಆನ್ನೂ. ಮೋಶೆ ಹೋಗಿ ಮೋಯುಸೇಸ್. ಈ ಮೋಯುಸೇಸ್ ಒಬ್ಬನೇ ಒಂದು ಪಾಠ, ಯಾಕಂದ್ರೆ ಅವನನ್ನ ಯಾವ ಗುಂಪಿಗೆ ಹಾಕ್ಬೇಕು ಅಂತ ಬರೆಯೋರಿಗೇ ಒಮ್ಮತ ಇರಲಿಲ್ಲ. ಸೆಪ್ಟುಅಜಿಂಟಲ್ಲಿ ಷಷ್ಠಿ ಮೋಯುಸೇ, ಹೊಸ ಒಡಂಬಡಿಕೆಯಲ್ಲಿ ಮೋಯುಸೆಯೋಸ್. ಮೋಶೆಯನ್ನು ಅನ್ನೋಕೆ ಸಾಮಾನ್ಯವಾಗಿ ಮೋಯುಸೇನ್, ಲೂಕನ 16ನೇ ಅಧ್ಯಾಯದಲ್ಲಿ ಮೋಯುಸೆಯ. ಹೀಗೆ ರೂಪ ಕಲಸಿಹೋಗಿದ್ದು ಕಂಡ್ರೆ ಗಾಬರಿ ಬೀಳ್ಬೇಡಿ, ನಾವೂ ಗೀತಾಗೆ ಅಂತೀವಿ, ಗೀತಾಳಿಗೆ ಅಂತೀವಿ, ಗೀತಂಗೆ ಅಂತೀವಿ.

ಹೆಂಗಸರ ಹೆಸರು ಸುಲಭ, ಆ ಅಂತ ಮುಗಿದ್ರೆ ಗ್ರೀಕಲ್ಲೂ ಅದು ಸ್ತ್ರೀಲಿಂಗವೇ. ಸಾರ್ರಾ, ರೆಬೆಕ್ಕಾ, ಮಾರ್ಥಾ, ಸೂಸಾನ್ನಾ. ಷಷ್ಠಿಗೆ ಸ ಸೇರಿಸಿ. ಎಲಿಸಾಬೆತ್ ಥರದವು ಹಾಗೇ ಉಳಿಯುತ್ತೆ.

ಇನ್ನೊಂದು ದಾರಿ ಅಂದ್ರೆ ಹತ್ತಿರದ ಸದ್ದಿನ ಅಸಲಿ ಗ್ರೀಕ್ ಹೆಸರನ್ನೇ ಇಟ್ಕೊಳ್ಳೋದು. ಶಿಮ್‌ಓನ್ ಅನ್ನೋದಕ್ಕೆ ಸೆಪ್ಟುಅಜಿಂಟಲ್ಲಿ ಸುಮೆಓನ್, ಬಾಲ ಹತ್ತಲ್ಲ. ಆದ್ರೆ ಗ್ರೀಸಲ್ಲಿ ಮೊದಲಿಂದಲೂ ಸಿಮೋನ್ ಅಂತ ಹೆಸರು ಇತ್ತು, ಕ್ಸೆನೊಫೋನ್ ಅನ್ನೋ ಗ್ರೀಕ್ ಲೇಖಕ ಕುದುರೆ ಸವಾರಿ ಬಗ್ಗೆ ಬರೆದ ಪುಸ್ತಕದ ಶುರುವಲ್ಲೇ ಒಬ್ಬ ಸಿಮೋನ್ ಬರ್ತಾನೆ. ಯೆಹೂದ್ಯರಿಗೆ ಇದು ರೆಡಿಮೇಡ್ ಸಿಕ್ತು, ಷಷ್ಠಿ ಸಿಮೋನೊಸ್. ಯೇಸುವಿನ ಶಿಷ್ಯ ಪೇತ್ರ ಸಾಮಾನ್ಯವಾಗಿ ಸಿಮೋನ್, ಆದ್ರೆ ಕೃತ್ಯಗಳ 15ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಯಲ್ಲಿ ಇನ್ನೊಬ್ಬ ಯಾಕೋಬ ಎದ್ದು ನಿಂತು ಅವನನ್ನ ಸುಮೆಓನ್ ಅಂತಾನೆ, ಮನೆಯವರು ಕರೆಯೋ ಹಾಗೆ. ಕ್ರಿಸ್ತಪೂರ್ವ 175ರ ಸುಮಾರಿಗೆ ಮಹಾಯಾಜಕ ಪಟ್ಟ ತಗೊಂಡ ಒಬ್ಬನ ಹೆಸರು ಇಯೇಸೂಸ್ ಇದ್ದಿದ್ದನ್ನ ಅವನು ಇಯಾಸೋನ್ ಅಂತ ಬದಲಾಯಿಸ್ಕೊಂಡ, ಚಿನ್ನದ ಉಣ್ಣೆ ತರೋಕೆ ಹೋದ ಗ್ರೀಕ್ ವೀರನ ಹೆಸರು ಅದು.

ಐದನೇ ಹೆಜ್ಜೆ: ಒಂದು ಹೆಸರನ್ನ ಪೂರ್ತಿ ನಡೆಸಿ ನೋಡಿ

ಯೇಸು ಹೆಸರನ್ನೇ ತಗೊಳ್ಳೋಣ. ಹೀಬ್ರೂಲಿ ಯೆಹೋಶುವ, ಚಿಕ್ಕದಾಗಿ ಯೇಶುಅ. ಯ ಹೋಗಿ ಇ ಆಯ್ತು, ಶ ಹೋಗಿ ಸ ಆಯ್ತು, ಕೊನೆಯ ಗಂಟಲು ಸದ್ದು ಬಿದ್ದುಹೋಯ್ತು, ಉಳಿದಿದ್ದು ಇಯೇಸೂ. ಕರ್ತೃ ಅಂತ ತೋರಿಸೋಕೆ ಕೊನೆಗೆ ಸ. ಆಯ್ತು ಇಯೇಸೂಸ್. ಈಗ ವಿಭಕ್ತಿ:

ಇಯೇಸೂಸ್ ಅಂದ್ರೆ ಯೇಸು
ಇಯೇಸೂನ್ ಅಂದ್ರೆ ಯೇಸುವನ್ನು
ಇಯೇಸೂ ಅಂದ್ರೆ ಯೇಸುವಿನ, ಯೇಸುವಿಗೆ, ಯೇಸುವೇ

ಒಂದೇ ರೂಪ ಮೂರು ಕೆಲಸ ಮಾಡ್ತಿದೆ. ಸೆಪ್ಟುಅಜಿಂಟಲ್ಲಿ ಮೋಶೆ ಆದಮೇಲೆ ಜನರನ್ನ ನಡೆಸಿದ ಯೆಹೋಶುವನಿಗೂ ಇದೇ ಗ್ರೀಕ್ ಹೆಸರು, ಅಲ್ಲಿ ಚತುರ್ಥಿಗೆ ಮಾತ್ರ ಇಯೇಸೊಯ್ ಅಂತ ಬೇರೆ ರೂಪ ಸಿಗುತ್ತೆ. ಇಬ್ಬರಿಗೂ ಒಂದೇ ಹೆಸರು ಅನ್ನೋದು ಕನ್ನಡದಲ್ಲಿ ಯೇಸು, ಯೆಹೋಶುವ ಅಂತ ಓದಿದೋರಿಗೆ ಗೊತ್ತೇ ಆಗಲ್ಲ, ಇಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಇಯೇಸೂಸ್ ಜನರಿಗೆ ವಿಶ್ರಾಂತಿ ಕೊಟ್ಟಿದ್ದಿದ್ರೆ ಅಂತ ಬರುತ್ತಲ್ಲ, ಅಲ್ಲಿ ಅದು ಯೆಹೋಶುವ.

ಹಳೇ ಹಸ್ತಪ್ರತಿಗಳಲ್ಲಿ, ಉದಾಹರಣೆಗೆ 4ನೇ ಶತಮಾನದ ಸಿನಾಯ್ ಪ್ರತಿಯಲ್ಲಿ, ಈ ಹೆಸರನ್ನ ಪೂರ್ತಿ ಬರೆಯಲ್ಲ. ಮೊದಲಕ್ಷರ ಕೊನೇ ಅಕ್ಷರ ಎರಡೇ ಬರೆದು ಮೇಲೆ ಒಂದು ಗೆರೆ ಎಳೀತಾರೆ. ಇಯೋಟ ಸಿಗ್ಮ ಇದ್ರೆ ಯೇಸು, ಇಯೋಟ ನ್ಯೂ ಇದ್ರೆ ಯೇಸುವನ್ನು, ಇಯೋಟ ಉಪ್ಸಿಲಾನ್ ಇದ್ರೆ ಯೇಸುವಿನ ಅಥವಾ ಯೇಸುವಿಗೆ. ಹೀಬ್ರೂ ಹೆಸರಲ್ಲಿ ಉಳಿದಿದ್ದು ಒಂದೇ ಅಕ್ಷರ, ಜೊತೆಗೆ ಗ್ರೀಕ್ ವಿಭಕ್ತಿ ಬಾಲ.

ಆರನೇ ಹೆಜ್ಜೆ: ಬಾಲ ಇಲ್ಲದಿದ್ರೆ ಮುಂದಿನ ಪುಟ್ಟ ಪದ ನೋಡಿ

ಗ್ರೀಕಲ್ಲಿ ನಾಮಪದದ ಮುಂದೆ ಆರ್ಟಿಕಲ್ ಬರುತ್ತೆ, ಅದಕ್ಕೂ ವಿಭಕ್ತಿ ಇದೆ. ಗಂಡಸರಿಗೆ ಹೊ ಅಂದ್ರೆ ಕರ್ತೃ, ತೊನ್ ಅಂದ್ರೆ ಅನ್ನು, ತೂ ಅಂದ್ರೆ ನ, ತೋ ಅಂದ್ರೆ ಗೆ. ಹೆಸರು ಕಲ್ಲಿನ ಹಾಗೆ ನಿಂತಿದ್ರೂ ಆರ್ಟಿಕಲ್ ಅದರ ಕೆಲಸ ಮಾಡಿಕೊಡುತ್ತೆ.

ಮತ್ತಾಯನ 1ನೇ ಅಧ್ಯಾಯದ 2ನೇ ವಚನ ತೆಗೀರಿ. ಅಬ್ರಾಆಮ್ ಎಗೆನ್ನೇಸೆನ್ ತೊನ್ ಇಸಾಆಕ್. ಎಗೆನ್ನೇಸೆನ್ ಅಂದ್ರೆ ಹುಟ್ಟಿಸಿದ. ಯಾರು ಯಾರನ್ನ ಹುಟ್ಟಿಸಿದ್ರು? ಎರಡು ಹೆಸರಿಗೂ ಬಾಲ ಇಲ್ಲ, ಆ ಒಂದು ತೊನ್ ತೆಗೆದುಬಿಟ್ರೆ ಅಪ್ಪ ಯಾರು ಮಗ ಯಾರು ಅಂತ ವ್ಯಾಕರಣ ಹೇಳಲ್ಲ. ತೊನ್ ಇಸಾಆಕ್, ಇಸಾಕನನ್ನು. ಆಮೇಲೆ ಇಸಾಆಕ್ ತೊನ್ ಇಯಾಕೋಬ್. ಅದೇ ವಚನದ ಕೊನೆಗೆ ಇಯಾಕೋಬ್ ತೊನ್ ಇಯೂದಾನ್ ಅಂತ ಬರುತ್ತೆ, ಇಲ್ಲಿ ಹೆಸರಿಗೂ ನ ಹತ್ತಿದೆ. ಯಾಕಂದ್ರೆ ಇಯೂದಾಸ್ ಆಗಲೇ ಗ್ರೀಕ್ ಮನೆಯೊಳಗೆ ಬಂದಾಗಿತ್ತು, ಇಸಾಆಕ್ ಇನ್ನೂ ಹೊಸ್ತಿಲಲ್ಲಿ ನಿಂತಿದ್ದ. ಒಂದೇ ವಚನದಲ್ಲಿ ಎರಡೂ ಥರ ಸಿಗೋದ್ರಿಂದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಲೂಕನ 3ನೇ ಅಧ್ಯಾಯದ ವಂಶಾವಳಿ ಉಲ್ಟಾ ಹೋಗುತ್ತೆ, ಮಗನಿಂದ ಅಪ್ಪನ ಕಡೆಗೆ. ಅಲ್ಲಿ 70ಕ್ಕೂ ಹೆಚ್ಚು ಹೆಸರುಗಳು ತೂ, ತೂ, ತೂ ಅಂತ ಸಾಲಾಗಿ ಬರ್ತವೆ, ಇವನ, ಇವನ, ಇವನ ಅಂತ. ಮಗ ಅನ್ನೋ ಪದ ಶುರುವಲ್ಲಿ ಒಂದೇ ಸಲ ಬರುತ್ತೆ, ಮಿಕ್ಕಿದ್ದೆಲ್ಲಾ ಆ ತೂ ಹೊತ್ಕೊಂಡು ಹೋಗುತ್ತೆ. ಜೋರಾಗಿ ಓದಿ ನೋಡಿ, ಹೆಸರು ಗೊತ್ತಿಲ್ಲದಿದ್ರೂ ಅರ್ಥ ಆಗುತ್ತೆ.

ಏಳನೇ ಹೆಜ್ಜೆ: ಬರೆದೋರು ಯಾರು ಅಂತ ಕೇಳಿ

ಇಲ್ಲಿ ಇಯೋಸೇಪೊಸ್ ಬಗ್ಗೆ ಹೇಳಲೇಬೇಕು, ನಾವು ಜೋಸೀಫಸ್ ಅಂತ ಕರೆಯೋ ಇತಿಹಾಸಕಾರ. ಕ್ರಿಸ್ತಶಕ 37ರಲ್ಲಿ ಯೆರೂಸಲೇಮಲ್ಲಿ ಹುಟ್ಟಿದ, ರೋಮಲ್ಲಿ ಕೂತು ಯೆಹೂದ್ಯರ ಪ್ರಾಚೀನ ಇತಿಹಾಸ ಬರೆದು 93ರ ಸುಮಾರಿಗೆ ಮುಗಿಸಿದ. ಅವನ ಓದುಗರು ಗ್ರೀಕ್ ಬಲ್ಲ ಹೊರಗಿನವರು, ಹಾಗಾಗಿ ಅವನು ಹೆಸರುಗಳಿಗೆ ಧಾರಾಳವಾಗಿ ಬಾಲ ಹಚ್ಚಿದ: ಅಬ್ರಾಮೊಸ್, ದಾವಿದೇಸ್, ಇಯಾಕೋಬೊಸ್, ಇವನ ಪುಸ್ತಕದಲ್ಲಿ 12 ಕುಲಗಳ ತಂದೆಯೂ ಇಯಾಕೋಬೊಸ್‌ನೇ. ಅಂದ್ರೆ ನಾನು ಮೇಲೆ ಹೇಳಿದ ಪುರಾಣ-ಪಕ್ಕದಮನೆ ವ್ಯತ್ಯಾಸ ಇವನಲ್ಲಿ ಹುಡುಕಬೇಡಿ.

ನನಗೆ ಅವನ ಮೇಲೆ ಗೌರವ ಬಂದಿದ್ದು ಇದನ್ನ ಅವನು ಮುಚ್ಚಿಡದೆ ಹೇಳಿದ್ದಕ್ಕೆ. ಮೊದಲ ಸಂಪುಟದಲ್ಲಿ ನೋಹನ ವಂಶದ ಹೆಸರುಗಳ ಪಟ್ಟಿ ಕೊಡೋ ಕಡೆ ನಿಂತು ವಿವರಿಸ್ತಾನೆ: ಈ ಹೆಸರುಗಳನ್ನ ಓದೋರ ಹಿತಕ್ಕಾಗಿ ಗ್ರೀಕ್ ಮಾಡಿದೀನಿ, ನಮ್ಮ ದೇಶದಲ್ಲಿ ಹೀಗೆ ಹೇಳಲ್ಲ, ನಮ್ಮಲ್ಲಿ ಹೆಸರಿಗೆ ಒಂದೇ ರೂಪ ಒಂದೇ ಕೊನೆ, ನಾನು ನೋಖೊಸ್ ಅಂತ ಬರೆದಿರೋನು ನಮ್ಮಲ್ಲಿ ನೋಎ, ಯಾವ ವಿಭಕ್ತಿಯಲ್ಲೂ ಅವನು ಹಾಗೇ ಇರ್ತಾನೆ. ಈ ಇಡೀ ವಿಷಯದ ತಿರುಳನ್ನ ಆ ಕಾಲದೋನೇ, ಎರಡೂ ಭಾಷೆ ಬಲ್ಲೋನೇ, ನಾಲ್ಕು ಮಾತಲ್ಲಿ ಹೇಳಿಬಿಟ್ಟಿದಾನೆ.

ಕೊನೇ ಹೆಜ್ಜೆ: ನೀವೇ ಮಾಡಿ

ಮಾರ್ಕನ 6ನೇ ಅಧ್ಯಾಯದ 3ನೇ ವಚನ ಒಂದು ಹಾಳೇಲಿ ಬರ್ಕೊಳ್ಳಿ. ಯೇಸು ತನ್ನ ಊರಿಗೆ ಬಂದಿದಾನೆ, ಸಭಾಮಂದಿರದಲ್ಲಿ ಬೋಧನೆ ಮಾಡ್ತಿದಾನೆ, ಊರಿನೋರಿಗೆ ನಂಬೋಕಾಗ್ತಿಲ್ಲ, ಇವನು ಆ ಬಡಗಿ ಅಲ್ವಾ, ಮರಿಯಳ ಮಗ ಅಲ್ವಾ, ಇಂಥಿಂಥೋರ ಅಣ್ಣ ಅಲ್ವಾ ಅಂತ ಕೇಳ್ತಾರೆ. ಐದು ಹೆಸರು ಬರುತ್ತೆ, ಐದೂ ಷಷ್ಠಿಯಲ್ಲೇ: ಮರಿಯಾಸ್, ಇಯಾಕೋಬೂ, ಇಯೋಸೇತೊಸ್, ಇಯೂದಾ, ಸಿಮೋನೊಸ್.

ಒಂದೊಂದರ ಪಕ್ಕ ಪ್ರಥಮಾ ರೂಪ ಬರೀರಿ, ಅದರ ಪಕ್ಕ ಹೀಬ್ರೂ ರೂಪ. ಮರಿಯಾಸ್ ಬಂದಿದ್ದು ಮರಿಯಾದಿಂದ, ಹಿಂದೆ ಮಿರ್ಯಾಮ್. ಇಯಾಕೋಬೂ ಬಂದಿದ್ದು ಇಯಾಕೋಬೊಸ್‌ನಿಂದ. ಇಯೋಸೇತೊಸ್ ಸ್ವಲ್ಪ ಕಷ್ಟ, ಪ್ರಥಮಾ ಇಯೋಸೇಸ್, ಇಯೋಸೇಫ್ ಅನ್ನೋದರ ಮುದ್ದು ಹೆಸರು, ಷಷ್ಠಿಯಲ್ಲಿ ಎಲ್ಲಿಂದಲೋ ಒಂದು ತ ಬಂದು ಸೇರ್ಕೊಳ್ಳುತ್ತೆ, ಗ್ರೀಕಲ್ಲಿ ಅಂಥ ಒಂದು ಗುಂಪೇ ಇದೆ. ಮತ್ತಾಯ ಇದೇ ಮಾತು ಬರೆಯುವಾಗ ಈ ತಮ್ಮನನ್ನ ಪೂರ್ತಿ ಇಯೋಸೇಫ್ ಅಂತಾನೆ. ಇಯೂದಾ ಬಂದಿದ್ದು ಇಯೂದಾಸ್‌ನಿಂದ, ಸ ಬಿಟ್ಟುಹೋಗಿದೆ. ಸಿಮೋನೊಸ್ ಬಂದಿದ್ದು ಸಿಮೋನ್‌ನಿಂದ, ಅದು ಹುಟ್ಟಾ ಗ್ರೀಕ್ ಹೆಸರು.

ಯಾಕೋಬ, ಯೋಸೇಫ, ಯೂದ, ಸಿಮೆಯೋನ. ಆದಿಕಾಂಡದಲ್ಲಿ ಇವರು ಒಬ್ಬ ಅಪ್ಪ, ಮೂರು ಮಕ್ಕಳು. ಇಲ್ಲಿ ನಜರೇತಿನ ಒಂದು ಮನೆಯ ನಾಲ್ಕು ಹುಡುಗರು, ಒಬ್ಬೊಬ್ಬನಿಗೆ ಒಂದೊಂದು ಥರ ಬಾಲ. ಊರಿನೋರು ಗುರುತು ಹಿಡೀತಿರೋದು ಈ ಹುಡುಗರನ್ನ, ಅದಕ್ಕೇ ಒಂದು ಹೆಸರೂ ಬಾಲ ಇಲ್ಲದೆ ನಿಂತಿಲ್ಲ.